ಬ್ಯಾಲೆಟ್ಟೋ ಯಂತ್ರವೋ ಆಮೇಲೆ, ಚುನಾವಣೆ ಯಾವಾಗ ಸ್ವಾಮಿ?

ಕೆರೆದಂಡೆ · ತುಮಕೂರು ಕಡೆ · 2025 ಸೆಪ್ಟೆಂಬರ್ 6, ಬೆಳಿಗ್ಗೆ 7:40

ಮೊನ್ನೆ 4ನೇ ತಾರೀಕು ರಾಜ್ಯ ಸಂಪುಟ ಎರಡು ತೀರ್ಮಾನ ಮಾಡಿದೆ. ಒಂದು, ಸ್ಥಳೀಯ ಸಂಸ್ಥೆಗಳ ಚುನಾವಣೆಯನ್ನು ಇವಿಎಂ ಬಿಟ್ಟು ಮತಪತ್ರದಲ್ಲಿ ನಡೆಸಿ ಅಂತ ರಾಜ್ಯ ಚುನಾವಣಾ ಆಯೋಗಕ್ಕೆ ಶಿಫಾರಸು. ಇನ್ನೊಂದು, ವಿಧಾನಸಭೆಯ ಮತದಾರರ ಪಟ್ಟಿಯನ್ನೇ ಎತ್ತಿಕೊಳ್ಳುವ ಬದಲು ಆಯೋಗವೇ ತನ್ನ ಪಟ್ಟಿ ತಯಾರಿಸಿಕೊಳ್ಳಲಿ, ಅದಕ್ಕೆ ಬೇಕಾದ ಹಾಗೆ ಕಾನೂನು ತಿದ್ದೋಣ ಅನ್ನೋದು.

ಟೀವಿಯಲ್ಲಿ ಮೊದಲನೆಯದರ ಮೇಲೇ ಎರಡು ದಿನದಿಂದ ಕೂಗಾಟ. ನಮ್ಮ ಮನೆಯಲ್ಲೂ ಅದೇ. ಅಮ್ಮ ಮತಪತ್ರದ ಕಡೆ, ತಮ್ಮ ಯಂತ್ರದ ಕಡೆ. ಸಾರು ತಣ್ಣಗಾಗೋವರೆಗೂ ವಾದ. ಎರಡೂ ನೋಡಿದವರು ಇಲ್ಲಿ ಯಾರಾದರೂ ಇದ್ದರೆ ಹೇಳಿ. ಪಕ್ಷದ ಬಾವುಟ ಮಾತ್ರ ಹೊರಗೇ ಬಿಟ್ಟು ಬನ್ನಿ.

ಹಳೇ ಪಿಆರ್‌ಒ · ಶಿವಮೊಗ್ಗ ಜಿಲ್ಲೆ · ಬೆಳಿಗ್ಗೆ 8:55

ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಪಿಆರ್‌ಒ, ಅಂದರೆ ಮತಗಟ್ಟೆ ನಡೆಸೋ ಅಧಿಕಾರಿಯಾಗಿ ಎಷ್ಟು ಚುನಾವಣೆ ಮಾಡಿಸಿದ್ದೇನೆ ಅಂತ ಲೆಕ್ಕ ಇಟ್ಟಿಲ್ಲ.

ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ. "ಮತ್ತೆ ಮತಪತ್ರ" ಅಂತ ಎಲ್ಲರೂ ಹೌಹಾರಿದ್ದಾರಲ್ಲ, ಹಳ್ಳಿಯಲ್ಲಿ ಅದು ಹೋಗಿದ್ದೇ ಇಲ್ಲ. 2020ರ ಡಿಸೆಂಬರ್ 22 ಮತ್ತು 27ರಂದು ಎರಡು ಹಂತದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಆಯ್ತಲ್ಲ, ಬೀದರ್ ಜಿಲ್ಲೆ ಒಂದು ಬಿಟ್ಟರೆ ಉಳಿದ ಕಡೆಯೆಲ್ಲ ಕಾಗದವೇ. ಯಂತ್ರ ಇದ್ದದ್ದು ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿ ಮತ್ತು ನಗರದ ಚುನಾವಣೆಗಳಿಗೆ.

ಈಗ ಕೆಲಸದ ಮಾತು. ಮತಗಟ್ಟೆಗೆ ಹೊರಡೋ ಸಿಬ್ಬಂದಿಗೆ ಸಾಮಾನು ಹಂಚೋ ಮಸ್ಟರಿಂಗ್ ಕೇಂದ್ರದಲ್ಲಿ ಬೆಳಿಗ್ಗೆ ಮತಪತ್ರದ ಕಟ್ಟು ಕೈಗೆ ಕೊಡ್ತಾರೆ. ಕ್ರಮಸಂಖ್ಯೆ ಸರಿಯಿದೆಯಾ ಅಂತ ಒಂದೊಂದೇ ಎಣಿಸಬೇಕು. ಮತಪೆಟ್ಟಿಗೆಯ ಮುಚ್ಚಳ ಹಾಕಿ ತೆಗೆದು ನೋಡಬೇಕು; ಎಷ್ಟೋ ಪೆಟ್ಟಿಗೆಗೆ ತುಕ್ಕು ಹಿಡಿದು ಕೀಲು ಅಲ್ಲಾಡೋದೇ ಇಲ್ಲ. ರಾತ್ರಿ ಶಾಲೆಯ ಜಗಲಿಯಲ್ಲಿ ಸೊಳ್ಳೆ ಹೊಡ್ಕೊಂಡು ಮತಪತ್ರಗಳ ಹಿಂದೆ ಸಹಿ ಹಾಕ್ತಾ ಕೂತರೆ ಬೆರಳು ಮರಗಟ್ಟುತ್ತೆ. ಬೆಳಿಗ್ಗೆ ಏಳಕ್ಕೆ ಮೊದಲ ಅಜ್ಜಿ ಬರ್ತಾಳೆ. ಮೊಹರನ್ನು ಎಲ್ಲಿ ಒತ್ತಬೇಕು, ಹೇಗೆ ಮಡಚಬೇಕು ಅಂತ ತೋರಿಸಬೇಕು. ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ. ಉಲ್ಟಾ ಮಡಚಿದರೆ ಹಸಿ ಶಾಯಿ ಪಕ್ಕದ ಚಿಹ್ನೆಗೆ ಅಂಟಿ, ಎಣಿಕೆ ಮೇಜಿನಲ್ಲಿ ಏಜೆಂಟರ ಕುಸ್ತಿ ಶುರು.

ಯಂತ್ರದಲ್ಲಿ ಇದ್ಯಾವುದೂ ಇಲ್ಲ. ಕುಲಗೆಟ್ಟ ಮತ ಅನ್ನೋದೇ ಇಲ್ಲ. ಆದರೆ ಎಣಿಕೆ ಮುಗಿದ ಮೇಲೆ ಸೋತವನ ಮುಖ ನೋಡಿದ್ದೀರಾ? ಕಾಗದದ ಎಣಿಕೆಯಲ್ಲಿ ಕಟ್ಟು ಕಟ್ಟಾಗಿ ಕಣ್ಣ ಮುಂದೆ ಬೀಳೋದನ್ನು ನೋಡಿ, ಆತ ಬೈಕೊಂಡಾದರೂ ಒಪ್ಕೊಂಡು ಹೋಗ್ತಾನೆ. ಯಂತ್ರದ ಮುಂದೆ ಸುಮ್ಮನೆ ನಿಂತಿರ್ತಾನೆ. ಅದಕ್ಕೇ ನಾನು ಯಾವ ಕಡೆಯೂ ಅಲ್ಲ. ಆದರೆ ಎರಡಕ್ಕೂ ಡ್ಯೂಟಿ ಭತ್ಯೆ ಒಂದೇ ಅನ್ನೋದು ಅನ್ಯಾಯ 😄

ಮಾಂಜ್ರಾ ದಂಡಿ · ಬೀದರ್ · ಬೆಳಿಗ್ಗೆ 9:30

ಮಾಸ್ತರ್ ಹೇಳಿದ್ದು ಖರೇ ಅದ. ನಮ್ಮ ಊರಾಗ 2020ಕ್ಕ ಮಷೀನೇ ಬಂದಿತ್ತು ನೋಡ್ರಿ. ನಮ್ಮ ಆಯಿ ಮೊದಲನೇ ಸಲ ಗುಂಡಿ ಒತ್ತಿದವಳಲ್ಲ, ವಿಧಾನಸಭಾಕ್ಕ ಒತ್ತಿ ರೂಢಿ ಆಗಿತ್ತು. ಏನೂ ತ್ರಾಸ ಆಗಲಿಲ್ಲ. ಎಣಿಕಿನೂ ಲಗೂನ ಮುಗೀತು. ಬ್ಯಾರೆ ಜಿಲ್ಲಾದ ದೋಸ್ತರು 30ನೇ ತಾರೀಖು ರಾತ್ರಿ ತನಕ ಎಣಿಕಿ ಕೇಂದ್ರದ ಹೊರಗ ಥಂಡ್ಯಾಗ ನಿಂತು ಫೋನ್ ಮಾಡ್ತಿದ್ರು. ನಾವು ಅಷ್ಟೊತ್ತಿಗೆ ಗುಲಾಲ್ ತೊಳಕೊಂಡು ಊಟಕ್ಕ ಕುಂತಿದ್ವಿ.

ಹಂಗಾದ್ರ ಒಂದು ಜಿಲ್ಲಾದಾಗ ಮಾಡಿ ನೋಡಿದ್ದು ಚಲೋ ಆಗಿತ್ತು ಅಂದಮ್ಯಾಲ, ಈಗ ವಾಪಸ್ ಹೋಗೋದು ಯಾಕ? ಇದಕ್ಕ ಜವಾಬು ಯಾರೂ ಕೊಡವಲ್ರು.

ಸಿಗ್ನಲ್‌ನಲ್ಲಿ ನಿಂತವನು · ಬೆಂಗಳೂರು · ಬೆಳಿಗ್ಗೆ 10:12

ಜವಾಬು ಗೊತ್ತಿರೋದೇ ಅಲ್ವಾ? ಆಗಸ್ಟ್ 7ರಂದು ರಾಹುಲ್ ಗಾಂಧಿ ನಮ್ಮ ಬೆಂಗಳೂರಿನ ಮಹದೇವಪುರ ವಿಧಾನಸಭಾ ಕ್ಷೇತ್ರದ ಮತದಾರರ ಪಟ್ಟಿ ಹಿಡಿದು ಮತಗಳವು ಅಂತ ಆರೋಪ ಮಾಡಿದರು, ಕೇಂದ್ರ ಚುನಾವಣಾ ಆಯೋಗ ಅಲ್ಲಗಳೆಯಿತು. ತಿಂಗಳು ತುಂಬೋ ಮೊದಲೇ ಇಲ್ಲಿ ಸಂಪುಟದ ತೀರ್ಮಾನ. ತಮಾಷೆ ಏನಂದ್ರೆ ಆ ಆರೋಪ ಇದ್ದದ್ದು ಮತದಾರರ ಪಟ್ಟಿಯ ಮೇಲೆ. ಪಟ್ಟಿ ಕೆಟ್ಟಿದ್ದರೆ ಕಾಗದದಲ್ಲಿ ಹಾಕಿಸಿದರೂ ಕೆಟ್ಟದ್ದೇ. ಹಾಲು ಒಡೆದಿದೆ ಅಂತ ಪಾತ್ರೆ ಬದಲಾಯಿಸಿದ ಹಾಗೆ. ಇದೇ ಯಂತ್ರದಲ್ಲೇ 2023ರಲ್ಲಿ ಇದೇ ಪಕ್ಷ 135 ಸ್ಥಾನ ಗೆದ್ದದ್ದು ಅನ್ನೋದನ್ನೂ ನೆನಪಿಸಬೇಕಾ?

ಕೆರೆದಂಡೆ · ಬೆಳಿಗ್ಗೆ 10:20

ಬಾವುಟ ಹೊರಗೆ ಅಂದಿದ್ದೆ ಸಾರ್ 🙏

ಸಿಗ್ನಲ್‌ನಲ್ಲಿ ನಿಂತವನು · ಬೆಳಿಗ್ಗೆ 10:22

ಬಾವುಟ ಅಲ್ಲ ಗುರು, ಪಂಚಾಂಗ. ತಾರೀಕು ಹೇಳಿದೆ ಅಷ್ಟೇ.

ಕರಿಕೋಟು · ಧಾರವಾಡ · ಬೆಳಿಗ್ಗೆ 11:47

ವಕೀಲಿ ಮಾಡ್ತೀನಿ, ಹಾಗಾಗಿ ಸ್ವಲ್ಪ ಉದ್ದ ಆಗಬಹುದು.

ಮತ ಹಾಕೋ ವಿಧಾನ ಕಾನೂನಿನಲ್ಲಿ ಇರಬೇಕು, ಆಯೋಗದ ಇಚ್ಛೆಗೆ ಬಿಟ್ಟದ್ದಲ್ಲ ಅನ್ನೋದಕ್ಕೆ ಹಳೆಯ ಕತೆಯೊಂದು ಇದೆ. 1982ರಲ್ಲಿ ಕೇರಳದ ಪರೂರು ಕ್ಷೇತ್ರದ 50 ಮತಗಟ್ಟೆಗಳಲ್ಲಿ ದೇಶದಲ್ಲೇ ಮೊದಲ ಸಲ ಯಂತ್ರ ಇಟ್ಟರು. ಎ.ಸಿ. ಜೋಸ್ 123 ಮತದಿಂದ ಸೋತರು, ಕೋರ್ಟಿಗೆ ಹೋದರು. 1984ರಲ್ಲಿ ಸುಪ್ರೀಂ ಕೋರ್ಟ್ ಯಂತ್ರ ಒಳ್ಳೆಯದೋ ಕೆಟ್ಟದ್ದೋ ಅನ್ನೋ ಗೋಜಿಗೇ ಹೋಗಲಿಲ್ಲ. ಕಾನೂನಿನಲ್ಲಿ ಯಂತ್ರ ಅಂತ ಇಲ್ಲ, ಆದ್ದರಿಂದ ಆ 50 ಕಡೆ ಮರುಮತದಾನ ಅಂತು. ಮರುಮತದಾನದಲ್ಲಿ ಜೋಸ್ ಗೆದ್ದರು. ಆಮೇಲೆ ಸಂಸತ್ತು ಪ್ರಜಾಪ್ರತಿನಿಧಿ ಕಾಯ್ದೆಗೆ 61ಎ ಸೇರಿಸಿ ಯಂತ್ರಕ್ಕೆ ಜಾಗ ಮಾಡಿಕೊಟ್ಟಿತು. ಆ ಯಂತ್ರ ತಯಾರಿಸೋ ಎರಡು ಕಂಪನಿಗಳಲ್ಲಿ ಒಂದು ನಮ್ಮ ಬೆಂಗಳೂರಿನ ಬಿಇಎಲ್ಲೇ, ಅದು ಬೇರೆ ಮಾತು.

ಆದರೆ ಅದು ಲೋಕಸಭೆ, ವಿಧಾನಸಭೆಯ ಕಾನೂನು. ಪಂಚಾಯಿತಿ ಚುನಾವಣೆಗೆ ಸಂವಿಧಾನದ 243ಕೆ ವಿಧಿ. ಅದರ ಒಂದನೇ ಉಪವಿಧಿ ಓದಿದರೆ, ಮತದಾರರ ಪಟ್ಟಿ ತಯಾರಿಕೆಯೂ ಚುನಾವಣೆ ನಡೆಸುವುದೂ ರಾಜ್ಯ ಚುನಾವಣಾ ಆಯೋಗದ ಮೇಲ್ವಿಚಾರಣೆ, ನಿರ್ದೇಶನ, ನಿಯಂತ್ರಣಕ್ಕೆ ಸೇರಿದ್ದು. ನಾಲ್ಕನೆಯದು ಓದಿದರೆ, ಈ ಚುನಾವಣೆಗಳ ಬಗ್ಗೆ ರಾಜ್ಯ ಶಾಸಕಾಂಗ ಕಾನೂನು ಮಾಡಬಹುದು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಹಗ್ಗ ಹಿಡ್ಕೊಂಡ ಹಾಗೆ. ಜಗಳ ಎಲ್ಲ ಹುಟ್ಟೋದು ಈ ಎರಡರ ನಡುವೆ. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಮತಪತ್ರಕ್ಕೆ ಮರಳುವ ಬೇಡಿಕೆ ತಳ್ಳಿಹಾಕಿತಲ್ಲ ಅಂತ ಕೇಳಬೇಡಿ. ಅದು ಕೇಂದ್ರ ಆಯೋಗದ ಚುನಾವಣೆಗಳ ವಿಚಾರ. ಇಲ್ಲಿ ರಾಜ್ಯಕ್ಕೆ ಅಧಿಕಾರ ಇದೆ.

ಮಾಜಿ ಸದಸ್ಯೆ · ಹಾಸನ ಜಿಲ್ಲೆ · ಮಧ್ಯಾಹ್ನ 2:05

ಬೆಳಿಗ್ಗೆಯಿಂದ ಎಲ್ಲಾ ಓದಿದೆ. ನಗು ಬಂತು, ಆಮೇಲೆ ಬರಲಿಲ್ಲ.

ನಾನು 2016ರ ಫೆಬ್ರವರಿಯಲ್ಲಿ ತಾಲ್ಲೂಕು ಪಂಚಾಯಿತಿಗೆ ಆರಿಸಿ ಬಂದವಳು. ಮಹಿಳಾ ಮೀಸಲು ಕ್ಷೇತ್ರ. ನಮ್ಮ ಅವಧಿ 2021ರ ಬೇಸಿಗೆಯಲ್ಲಿ ಮುಗೀತು. ಆಗ ಕೊರೊನಾ, ಮುಂದಕ್ಕೆ ಹಾಕಿದರು, ಒಪ್ಪಿಕೊಂಡೆವು. ಇವತ್ತು 2025ರ ಸೆಪ್ಟೆಂಬರ್. ನಾನು ಕೂತಿದ್ದ ಕುರ್ಚಿಯಲ್ಲಿ ಇನ್ನೂ ಯಾರೂ ಕೂತಿಲ್ಲ. ಚುನಾವಣೆ ಕಾಗದದಲ್ಲೋ ಯಂತ್ರದಲ್ಲೋ ಅಂತ ಕೇಳ್ತಿದ್ದೀರಲ್ಲ, ಚುನಾವಣೆ ಎಲ್ಲಪ್ಪಾ?

ಆಡಳಿತಾಧಿಕಾರಿ ಇದ್ದಾರೆ, ಇಒ (ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿ) ಇದ್ದಾರೆ. ಅವರು ಕೆಲಸ ಮಾಡಲ್ಲ ಅಂತಲ್ಲ. ಆದರೆ ನಮ್ಮ ಕಾಲದಲ್ಲಿ ಸಾಮಾನ್ಯ ಸಭೆಯಲ್ಲಿ ಎದ್ದು ನಿಂತು "ನಮ್ಮ ಹಾಸ್ಟೆಲ್ ಹುಡುಗರಿಗೆ ಹಾಸಿಗೆ ಯಾಕೆ ಬಂದಿಲ್ಲ ಹೇಳಿ" ಅಂತ ಇಲಾಖೆಯವರನ್ನು ಕೇಳೋಕೆ ಒಂದು ಬಾಯಿ ಇತ್ತು. ಈಗ ಜನ ಬಂದು ನಮ್ಮ ಮನೆ ಬಾಗಿಲಲ್ಲೇ ನಿಲ್ತಾರೆ, "ಅಕ್ಕ, ನೀವೇ ಒಂದು ಮಾತು ಹೇಳಿ" ಅಂತ. ನಾನು ಯಾರಂತ ಹೇಳಲಿ? ಅವಧಿ ಮುಗಿದವಳ ಮಾತಿಗೆ ಕಚೇರಿಯಲ್ಲಿ ಟೀ ಸಿಗುತ್ತೆ, ಉತ್ತರ ಸಿಗಲ್ಲ.

ಯಾಕೆ ಚುನಾವಣೆ ಆಗಿಲ್ಲ ಅಂತ ವಕೀಲರು ಹೇಳಲಿ. ಅಡ್ಡ ಬಂದ ಕಾನೂನು ಯಾವುದು, ಅದು ಯಾವತ್ತು ಬಂತು, ಟೀವಿಯಲ್ಲಿ ಎಷ್ಟು ಹೊತ್ತು ಚರ್ಚೆ ಆಯ್ತು ಅಂತಾನೂ ಹೇಳಲಿ.

ಕರಿಕೋಟು · ಮಧ್ಯಾಹ್ನ 3:31

ಅಕ್ಕಾರು ಸರಿಯಾದ ಜಾಗಕ್ಕೇ ಕೈ ಹಾಕಿದ್ರು.

2021ರ ಜುಲೈನಲ್ಲಿ ಚುನಾವಣಾ ಆಯೋಗ ಕ್ಷೇತ್ರಗಳ ಗಡಿ ಹಾಕಿ, ಮೀಸಲಾತಿಯ ಕರಡು ಪಟ್ಟಿಯನ್ನೂ ಹೊರಡಿಸಿತ್ತು. ಸೆಪ್ಟೆಂಬರ್‌ನಲ್ಲಿ ಶಾಸಕಾಂಗ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆಗೆ ತಿದ್ದುಪಡಿ ತಂತು. ಗಡಿ ಹಾಕೋ ಅಧಿಕಾರ, ಮೀಸಲಾತಿ ನಿಗದಿ ಮಾಡೋ ಅಧಿಕಾರ ಆಯೋಗದಿಂದ ವಾಪಸ್. ಅದಕ್ಕಾಗಿ ಬೇರೆಯೇ ಒಂದು ಸೀಮಾ ನಿರ್ಣಯ ಆಯೋಗ. ಮಾಡಿದ್ದ ಕೆಲಸ ಎಲ್ಲ ಅಳಿಸಿ ಮತ್ತೆ ಮೊದಲಿಂದ. ಆಗ ಇದ್ದದ್ದು ಬಿಜೆಪಿ ಸರ್ಕಾರ, ಈಗಿನದು ಕಾಂಗ್ರೆಸ್. ಕಾನೂನು ತಂದವರು ಹೋದರು, ಬಂದವರು ಅದನ್ನು ಹಾಗೇ ಇಟ್ಟುಕೊಂಡರು. ಬಾವುಟದ ಮಾತೇ ಬೇಡ ಅಂದ ಕೆರೆದಂಡೆಯವರಿಗೆ ಇದರಿಂದ ಸಮಾಧಾನ ಆಗಬಹುದು.

ಹೈಕೋರ್ಟ್ ಸಮಯ ಕೊಟ್ಟು ಕೊಟ್ಟು ಸುಸ್ತಾಗಿ, 2022ರ ಡಿಸೆಂಬರ್‌ನಲ್ಲಿ ವಿಳಂಬಕ್ಕಾಗಿ ಸರ್ಕಾರಕ್ಕೆ 5 ಲಕ್ಷ ರೂಪಾಯಿ ದಂಡ ಹಾಕಿತು. ನಡುವೆ ಹಿಂದುಳಿದ ವರ್ಗಗಳ ಮೀಸಲಾತಿಗೆ ಸುಪ್ರೀಂ ಕೋರ್ಟಿನ ಮೂರು ಹಂತದ ಪರೀಕ್ಷೆ ಬಂತು: ಆಯೋಗ ಮಾಡಿ ಹಿಂದುಳಿದಿರುವಿಕೆ ಅಳೆಯಬೇಕು, ಅದರಂತೆ ಪ್ರಮಾಣ ನಿಗದಿ ಮಾಡಬೇಕು, ಒಟ್ಟು ಮೀಸಲು ಶೇ 50 ಮೀರಬಾರದು. ಅದಕ್ಕೆ ನ್ಯಾಯಮೂರ್ತಿ ಭಕ್ತವತ್ಸಲ ಆಯೋಗ, ಅದರ ವರದಿ. ಇದು ನಿಜವಾದ ಕಾರಣವೇ, ನೆಪ ಅನ್ನಲಾರೆ. ಆದರೆ 2022ರ ಮೇನಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟ್, ಗಡಿ ಕೆಲಸ ಮುಗಿದಿಲ್ಲ, ಮೀಸಲಾತಿ ಪರೀಕ್ಷೆ ಮುಗಿದಿಲ್ಲ ಅಂತ ಚುನಾವಣೆ ನಿಲ್ಲಿಸೋ ಹಾಗಿಲ್ಲ ಅಂತಲೂ ಹೇಳಿತು. ಸಂವಿಧಾನದ 243ಇ ಇನ್ನೂ ಖಡಕ್ಕು: ಪಂಚಾಯಿತಿಯ ಅವಧಿ ಐದು ವರ್ಷ, ಅದಕ್ಕಿಂತ ಒಂದು ದಿನ ಹೆಚ್ಚಿಲ್ಲ, ಮುಗಿಯೋ ಮೊದಲೇ ಚುನಾವಣೆ ಆಗಿರಬೇಕು.

ಟೀವಿ ಚರ್ಚೆ ಎಷ್ಟು ಹೊತ್ತು ಆಯ್ತು ಅಂತ ಕೇಳಿದಿರಿ. ನಾನು ಆವತ್ತು ಕೋರ್ಟಿನಿಂದ ಬಂದು ಟೀವಿ ಹಚ್ಚಿದಾಗ ಅದರ ಸುದ್ದಿ ಕೆಳಗಿನ ಪಟ್ಟಿಯಲ್ಲಿ ಓಡ್ತಿತ್ತು.

ಸಿಗ್ನಲ್‌ನಲ್ಲಿ ನಿಂತವನು · ಮಧ್ಯಾಹ್ನ 4:02

ಅಕ್ಕ, ನಿಮ್ಮದು ನಾಲ್ಕು ವರ್ಷ. ನಮ್ಮದು ಐದು. ಬಿಬಿಎಂಪಿ ಕೊನೆಯ ಚುನಾವಣೆ 2015ರ ಆಗಸ್ಟ್, ಕೌನ್ಸಿಲ್ ಮುಗಿದದ್ದು 2020ರ ಸೆಪ್ಟೆಂಬರ್ 10. ಆಮೇಲಿನ ಕತೆ ಕೇಳಿ: ಆಗ 198 ವಾರ್ಡ್. 2020ರ ಬಿಬಿಎಂಪಿ ಕಾಯ್ದೆ ಬಂದು 243 ಆಯ್ತು. 2023ರಲ್ಲಿ 225 ಆಯ್ತು. ಈಗ ಗ್ರೇಟರ್ ಬೆಂಗಳೂರು ಕಾಯ್ದೆ ಬಂದು, ಮೊನ್ನೆ ಇದೇ ತಿಂಗಳು ಪಾಲಿಕೆಯೇ ಐದು ಹೋಳಾಯ್ತು, ಮತ್ತೆ ಹೊಸದಾಗಿ ವಾರ್ಡ್ ಎಣಿಸ್ತಿದ್ದಾರೆ. ನಾನು ಮನೆ ಬದಲಾಯಿಸಿಲ್ಲ ಸ್ವಾಮಿ, ನನ್ನ ವಾರ್ಡೇ ಬಂದು ಹೋಗ್ತಾ ಇದೆ.

ಪ್ರತಿ ಸಲವೂ ಕಾರಣ ಚೆನ್ನಾಗೇ ಇರುತ್ತೆ. ಜನಸಂಖ್ಯೆ ಬೆಳೆದಿದೆ, ಆಡಳಿತ ಹತ್ತಿರ ಬರಬೇಕು, ಎಲ್ಲ ಸರಿ. ಆದರೆ ಗಡಿ ಬದಲಾದಾಗಲೆಲ್ಲ ಮೀಸಲಾತಿ ಪಟ್ಟಿ ಹೊಸದು, ಪಟ್ಟಿ ಹೊಸದಾದರೆ ತಕರಾರು ಹೊಸದು, ತಕರಾರು ಕೋರ್ಟಿಗೆ ಹೋದರೆ ಚುನಾವಣೆ ಮುಂದಕ್ಕೆ. ಗುಂಡಿ ಮುಚ್ಚಿಸೋಕೆ ಕಾರ್ಪೊರೇಟರ್ ಹತ್ತಿರ ಹೋಗ್ತಿದ್ದ ಕಾಲ ನಮ್ಮ ಬೀದಿಯ ಹೈಸ್ಕೂಲ್ ಮಕ್ಕಳಿಗೆ ನೆನಪೇ ಇಲ್ಲ.

ಅಡಿಕೆ ಮಂಡಿ · ಶಿರಸಿ · ಸಂಜೆ 5:15

ಎಲ್ಲರೂ ಒಂದೇ ಕಡೆ ವಾಲಿದ್ದೀರಿ, ಆದ್ದರಿಂದ ಇನ್ನೊಂದು ಕಡೆಯಿಂದ ಮಾತಾಡ್ತೇನೆ. ಆಯೋಗ ಅಂದರೆ ಏನು ಆಕಾಶದಿಂದ ಇಳಿದದ್ದಾ? ಆಯುಕ್ತರನ್ನು ರಾಜ್ಯಪಾಲರು ನೇಮಿಸುವುದು, ಹೆಸರು ಹೋಗುವುದು ಸರ್ಕಾರದಿಂದಲೇ. ಒಬ್ಬ ನಿವೃತ್ತ ಅಧಿಕಾರಿ ಬೆಂಗಳೂರಲ್ಲಿ ಕೂತು ನಮ್ಮ ಘಟ್ಟದ ಮೇಲಿನ ಊರನ್ನು ಘಟ್ಟದ ಕೆಳಗಿನ ಕ್ಷೇತ್ರಕ್ಕೆ ಸೇರಿಸಿದರೆ ಯಾರನ್ನು ಕೇಳಬೇಕು? ಶಾಸಕ ತಪ್ಪು ಮಾಡಿದರೆ ಐದು ವರ್ಷಕ್ಕೊಮ್ಮೆ ಬೈಯಬಹುದು. ಗಡಿ ಹಾಕಲು ಪ್ರತ್ಯೇಕ ಆಯೋಗ ಇದ್ದರೆ ತಪ್ಪೇನು? ಲೋಕಸಭೆಗೂ ಸೀಮಾ ನಿರ್ಣಯ ಆಯೋಗ ಬೇರೆಯೇ ಇದೆಯಲ್ಲ.

ಕರಿಕೋಟು · ಸಂಜೆ 5:50

ಒಪ್ಪುವ ಮಾತು. ಗಡಿ ಹಾಕೋ ಆಯೋಗ ಬೇರೆ ಇರೋದೇ ತಪ್ಪಲ್ಲ. ಆಟ ನಡೆಯುವಾಗ ಗೆರೆ ಅಳಿಸಿ ಹೊಸ ಗೆರೆ ಎಳೆದದ್ದು ನನ್ನ ತಕರಾರು. ಅವಧಿ ಮುಗಿಯೋಕೆ ಎರಡು ವರ್ಷ ಮುಂಚೆ ತಂದಿದ್ದರೆ ಅದು ಸುಧಾರಣೆ. ಅವಧಿ ಮುಗಿದು, ಕರಡು ಹೊರಬಿದ್ದ ಮೇಲೆ ತಂದರೆ? ಹೆಸರು ನೀವೇ ಇಡಿ.

ಇದು ನಮ್ಮ ರಾಜ್ಯದ್ದು ಮಾತ್ರ ಅಂದುಕೊಳ್ಳಬೇಡಿ. ಮಹಾರಾಷ್ಟ್ರ 2022ರ ಮಾರ್ಚ್‌ನಲ್ಲಿ ಇಂಥದ್ದೇ ಕಾನೂನು ಮಾಡಿತು, ಆಡಳಿತ ಪಕ್ಷ ವಿರೋಧ ಪಕ್ಷ ಎರಡೂ ಸೇರಿ. ಆಂಧ್ರ ಇನ್ನೂ ಒಂದು ಹೆಜ್ಜೆ ಮುಂದೆ. 2020ರಲ್ಲಿ ಅಲ್ಲಿನ ರಾಜ್ಯ ಚುನಾವಣಾ ಆಯುಕ್ತ ನಿಮ್ಮಗಡ್ಡ ರಮೇಶ್ ಕುಮಾರ್ ಕೊರೊನಾ ಅಂತ ಸ್ಥಳೀಯ ಚುನಾವಣೆ ಮುಂದೂಡಿದ್ದು ಸರ್ಕಾರಕ್ಕೆ ಸಿಟ್ಟು ತರಿಸಿತು. ಏಪ್ರಿಲ್‌ನಲ್ಲಿ ಸುಗ್ರೀವಾಜ್ಞೆ ತಂದು ಆಯುಕ್ತರ ಅವಧಿಯನ್ನೇ ಐದರಿಂದ ಮೂರು ವರ್ಷಕ್ಕೆ ಇಳಿಸಿದರು, ರಮೇಶ್ ಕುಮಾರ್ ಮನೆಗೆ ಹೋದರು. ಮೇ ಕೊನೆಯಲ್ಲಿ ಹೈಕೋರ್ಟ್ ಆ ಸುಗ್ರೀವಾಜ್ಞೆ ರದ್ದು ಮಾಡಿತು, ಅವರು ವಾಪಸ್ ಬಂದು ಕೂತರು. ಅಲ್ಲಿ ಚುನಾವಣೆ ಬೇಗ ಬೇಕು ಅಂತ ಜಗಳ, ಇಲ್ಲಿ ಬೇಡ ಅಂತ. ಆಯುಧ ಮಾತ್ರ ಎರಡೂ ಕಡೆ ಕಾಯ್ದೆಯೇ.

ಹಳೇ ಪಿಆರ್‌ಒ · ಸಂಜೆ 6:40

ಹಳೇ ತಲೆ ಅಂತ ಬೈಕೋಬೇಡಿ, ಇದು ಹೊಸ ಕಾಯಿಲೆ ಅಲ್ಲ. 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ ಚುನಾವಣೆ ಆದಾಗ ನಾನು ಹೊಸದಾಗಿ ನೌಕರಿಗೆ ಸೇರಿದ್ದೆ. ಆಗ ಪಂಚಾಯತ್ ರಾಜ್ ಸಚಿವರಾಗಿದ್ದ ನಜೀರ್ ಸಾಬರ ಕನಸು ಅದು. ಹಳ್ಳಿ ಹಳ್ಳಿಗೆ ಬೋರ್‌ವೆಲ್ ಹಾಕಿಸಿ ನೀರ್ ಸಾಬ್ ಅನ್ನಿಸಿಕೊಂಡವರು. ಹೆಂಗಸರಿಗೆ ಆಗಲೇ ಶೇ 25 ಮೀಸಲು. 1992ರಲ್ಲಿ ಅವಧಿ ಮುಗೀತು, ಆಡಳಿತಾಧಿಕಾರಿಗಳು ಬಂದು ಕೂತರು. ಗ್ರಾಮ ಪಂಚಾಯಿತಿಗೆ ಮತ್ತೆ ಚುನಾವಣೆ ಆದದ್ದು 1993ರ ಕೊನೆಗೆ, ಜಿಲ್ಲಾ, ತಾಲ್ಲೂಕಿಗೆ 1995ಕ್ಕೆ. ಇನ್ನು ಮೇಲೆ ಹೀಗೆ ಆಗಬಾರದು ಅಂತಲೇ ಸಂವಿಧಾನದ 73ನೇ ತಿದ್ದುಪಡಿಯಲ್ಲಿ ಐದು ವರ್ಷದ ಮಾತು ಬರೆದದ್ದು. ಬರೆದದ್ದು ಇದೆ, ನೋಡಿ.

ಮಾಂಜ್ರಾ ದಂಡಿ · ಸಂಜೆ 7:05

ಕಾನೂನಿನ ಮಾತು ಬಂತಂದ್ರ ಇನ್ನೊಂದು ನೆನಪಾತು. 2015ಕ್ಕ ನಮ್ಮ ರಾಜ್ಯದಾಗ ಪಂಚಾಯ್ತಿ ಚುನಾವಣಿಗಿ ಮತದಾನ ಕಡ್ಡಾಯ ಅಂತ ತಿದ್ದುಪಡಿ ತಂದಿದ್ರಲ್ಲ? ಹಾಕಲಿಲ್ಲಂದ್ರ ಏನು ಮಾಡ್ತಾರ?

ಕರಿಕೋಟು · ಸಂಜೆ 7:11

ಏನೂ ಮಾಡಲ್ಲ. ಕಡ್ಡಾಯ ಅಂತ ಬರೆದರು, ದಂಡ ಬರೆಯಲಿಲ್ಲ. ಗುಜರಾತ್ ನೂರು ರೂಪಾಯಿ ದಂಡ ಅಂತ ಹೊರಟಿತ್ತು, 2015ರ ಆಗಸ್ಟ್‌ನಲ್ಲಿ ಅಲ್ಲಿನ ಹೈಕೋರ್ಟ್ ತಡೆ ಕೊಟ್ಟಿತು.

ಮಾಂಜ್ರಾ ದಂಡಿ · ಸಂಜೆ 7:13

ಮಂದಿ ಮತ ಹಾಕೂದು ಕಡ್ಡಾಯ, ಸರ್ಕಾರ ಚುನಾವಣಿ ಮಾಡೂದು ಕಡ್ಡಾಯ ಅಲ್ಲ. ಭಾರಿ ಅದ ಇದು 😂

ಸಿಗ್ನಲ್‌ನಲ್ಲಿ ನಿಂತವನು · ರಾತ್ರಿ 8:20

ಎರಡನೇ ತೀರ್ಮಾನದ ಬಗ್ಗೆ ಯಾರೂ ಮಾತಾಡಿಲ್ಲ. ಪಟ್ಟಿ. ನನಗೆ ಕಾಗದ, ಯಂತ್ರಕ್ಕಿಂತ ಅದರ ಮೇಲೇ ಕಣ್ಣು. ಹದಿನಾಲ್ಕು ವರ್ಷದಿಂದ ಬಾಡಿಗೆ ಮನೆ, ನಾಲ್ಕು ವಿಳಾಸ. ಒಂದು ಸಲ ಹೆಸರು ಹಳೇ ಮನೆಯಲ್ಲೇ ಉಳೀತು, ಇನ್ನೊಂದು ಸಲ ಹೆಂಡತಿ ಹೆಸರು ಇತ್ತು, ನನ್ನದು ಇರಲಿಲ್ಲ. ಈಗ ವಿಧಾನಸಭೆಗೆ ಒಂದು ಪಟ್ಟಿ, ಪಾಲಿಕೆಗೆ ಇನ್ನೊಂದು ಅಂದರೆ ಎರಡು ಕಡೆ ಅರ್ಜಿ, ಎರಡು ಕಡೆ ಅಲೆದಾಟ. ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲ ಅಂದರೆ ಯಾರನ್ನು ಕೇಳೋದು?

ಹಳೇ ಪಿಆರ್‌ಒ · ರಾತ್ರಿ 8:48

ನೀವು ಅಲೆಯೋದು ಹೇಳಿದಿರಿ, ನಿಮ್ಮ ಮನೆಗೆ ಅಲೆಯೋರ ಬಗ್ಗೆಯೂ ಯೋಚಿಸಿ. ಮನೆ ಮನೆಗೆ ಹೋಗಿ ಪಟ್ಟಿ ಸರಿಮಾಡೋದು ಅಂಗನವಾಡಿಯವರು, ಪ್ರಾಥಮಿಕ ಶಾಲೆ ಮೇಷ್ಟ್ರುಗಳು. ಎರಡು ಆಯೋಗಕ್ಕೆ ಎರಡು ಪಟ್ಟಿ ಅಂದರೂ ಬಾಗಿಲು ತಟ್ಟೋ ಕೈ ಅದೇ. ಕೇಂದ್ರದ ಪಟ್ಟಿಗೆ ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕ (ಹದಿನೆಂಟು ತುಂಬಿದೆಯಾ ಅಂತ ಲೆಕ್ಕ ಹಾಕೋ ದಿನ) ಬೇರೆ ಇದೆ, ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದರಂದು. ರಾಜ್ಯದ ಪಟ್ಟಿಗೆ ಯಾವುದನ್ನು ಇಟ್ಟುಕೊಳ್ತಾರೆ? ಎರಡರಲ್ಲೂ ಬೇರೆ ಬೇರೆ ಆದರೆ, ಹದಿನೆಂಟು ತುಂಬಿದ ಹುಡುಗ ಶಾಸಕರನ್ನು ಆರಿಸಬಹುದು, ಪಂಚಾಯಿತಿ ಸದಸ್ಯನನ್ನು ಆರಿಸೋ ಹಾಗಿಲ್ಲ ಅಂತಾಗಬಹುದು.

ಅಡಿಕೆ ಮಂಡಿ · ರಾತ್ರಿ 9:02

ಆದರೂ ಒಂದು ಲಾಭ ಉಂಟು. ಪಂಚಾಯಿತಿ ವಾರ್ಡ್ ಅಂದರೆ ಚಿಕ್ಕದು, ನಾನೂರು ಜನಸಂಖ್ಯೆಗೆ ಒಬ್ಬ ಸದಸ್ಯ. ಪಟ್ಟಿ ಆ ಮಟ್ಟದಲ್ಲೇ ತಯಾರಾಗಿ ಗ್ರಾಮಸಭೆಯಲ್ಲಿ ಓದಿದರೆ, ಸತ್ತವರ ಹೆಸರು ಅಲ್ಲೇ ತೆಗೆಸಬಹುದು. ನಮ್ಮ ವಾರ್ಡಿನಲ್ಲಿ ಯಾರು ಇದ್ದಾರೆ, ಯಾರು ಮುಂಬೈಗೆ ಹೋದರು ಅಂತ ಕಂಪ್ಯೂಟರ್‌ಗಿಂತ ಹಾಲಿನ ಡೈರಿಯವನಿಗೆ ಚೆನ್ನಾಗಿ ಗೊತ್ತು.

ಮಾಜಿ ಸದಸ್ಯೆ · ರಾತ್ರಿ 9:26

ಡೈರಿಯವನಿಗೆ ಗೊತ್ತು ಅನ್ನೋದೇ ನನ್ನ ಭಯಾನೂ. ಯಾರ ಮನೆ ಯಾರ ಕಡೆ ಅಂತಾನೂ ಅವನಿಗೆ ಗೊತ್ತಿರುತ್ತೆ. ಚಿಕ್ಕ ಊರಲ್ಲಿ ಹೆಸರು ಸೇರಿಸೋದೂ ಸುಲಭ, ಬಿಡಿಸೋದೂ ಸುಲಭ. ನಮ್ಮ ಕಡೆ ದಲಿತ ಕೇರಿಯ ಎಂಟು ಹೆಸರು ಒಂದು ಸಲ ಹಾಗೇ ಬಿಟ್ಟುಹೋಗಿತ್ತು. "ತಪ್ಪಾಗಿದೆ" ಅಂದರು. ಹೋರಾಡಿ ಸೇರಿಸಿದೆವು, ಆದರೆ ಮುಂದಿನ ಚುನಾವಣೆಗೆ.

ಪಟ್ಟಿ ಯಾರಾದರೂ ಮಾಡಲಿ, ಕಾಗದವೋ ಯಂತ್ರವೋ ಏನಾದರೂ ಇರಲಿ. ನನಗೆ ಕಾನೂನಿನಲ್ಲಿ ಒಂದೇ ಒಂದು ಸಾಲು ಬೇಕು: ಗಡಿ ಕೆಲಸ, ಮೀಸಲು ಕೆಲಸ ಅವಧಿ ಮುಗಿಯೋ ಇಷ್ಟು ತಿಂಗಳ ಮುಂಚೆ ಮುಗಿಯದಿದ್ದರೆ ಹಳೇ ಗಡಿಯಲ್ಲೇ ಚುನಾವಣೆ. ಅಷ್ಟು ಬರೆದರೆ ಎಲ್ಲರ ಕೆಲಸವೂ ಟೈಮಿಗೆ ಸರಿಯಾಗಿ ಮುಗಿಯುತ್ತೆ, ನೋಡ್ತಾ ಇರಿ. ಗ್ರಾಮ ಪಂಚಾಯಿತಿಗಳ ಅವಧಿಯೂ 2026ರ ಆರಂಭಕ್ಕೆ ಮುಗಿಯುತ್ತಾ ಇದೆ. ಅದೂ ನಮ್ಮ ದಾರಿ ಹಿಡಿದರೆ ಹಳ್ಳಿಯಲ್ಲಿ ಆರಿಸಿ ಬಂದವರು ಅಂತ ಶಾಸಕರು ಒಬ್ಬರೇ ಉಳೀತಾರೆ.

ಕೆರೆದಂಡೆ · ರಾತ್ರಿ 9:50

ಇದನ್ನೆಲ್ಲ ಅಮ್ಮನಿಗೆ ಓದಿ ಹೇಳಿದೆ. ತಮ್ಮನೂ ಕೂತು ಕೇಳಿದ. ಅಮ್ಮ ಕೇಳಿದ್ದು ಒಂದೇ: "ನಮ್ಮ ತಾಲ್ಲೂಕು ಪಂಚಾಯ್ತಿಗೆ ಈಗ ಯಾರು ಮೆಂಬರ್ರು?" ಇಬ್ಬರಿಗೂ ಉತ್ತರ ಗೊತ್ತಿರಲಿಲ್ಲ. ಯಾರೂ ಇಲ್ಲ ಅನ್ನೋದೂ ಗೊತ್ತಿರಲಿಲ್ಲ.

ಮೇಷ್ಟ್ರೇ, ಒಂದು ಸಣ್ಣ ಡೌಟು. ಮೊದಲು ಉದ್ದಕ್ಕೆ ಮಡಚಬೇಕೋ ಅಡ್ಡಕ್ಕೋ? ಅಮ್ಮ ಕ್ಯಾಲೆಂಡರ್ ಹಾಳೆ ಹಿಡಿದು ಕೂತಿದ್ದಾರೆ.

ಹಳೇ ಪಿಆರ್‌ಒ · ರಾತ್ರಿ 9:58

ಉದ್ದಕ್ಕೆ ಮೊದಲು. ಕ್ಯಾಲೆಂಡರ್ ಮುಂದಿನ ವರ್ಷದ್ದು ಇಟ್ಕೊಳ್ಳೋಕೆ ಹೇಳಿ.